ಗೂಗಲ್ ತೆರೆಯುತ್ತದೆ, ಬ್ಯಾಂಕ್ ತೆರೆಯುವುದಿಲ್ಲ

ಮನೆಯ ಇಂಟರ್ನೆಟ್ ಪೂರ್ತಿ ಕೈಕೊಟ್ಟರೆ ಪತ್ತೆ ಸುಲಭ. ರೂಟರಿನಲ್ಲಿ ಕೆಂಪು ದೀಪ ಉರಿಯುತ್ತದೆ, ಕಸ್ಟಮರ್ ಕೇರ್‌ಗೆ ಫೋನ್ ಹೋಗುತ್ತದೆ, ಸಂಜೆಯೊಳಗೆ ಯಾರಾದರೂ ಬಂದು ಕೇಬಲ್ ಬದಲಿಸುತ್ತಾರೆ. ತಲೆ ತಿನ್ನುವುದು ಅರೆಬರೆ ಕೆಟ್ಟ ಸಂಪರ್ಕ. ಲ್ಯಾಪ್‌ಟಾಪಿನ ಮೂಲೆಯಲ್ಲಿ ವೈಫೈ ಗೆರೆಗಳು ತುಂಬಿಕೊಂಡಿವೆ. ಗೂಗಲ್ ತೆರೆಯುತ್ತದೆ, ಯೂಟ್ಯೂಬ್ ಓಡುತ್ತದೆ, ಬ್ಯಾಂಕಿನ ಪುಟ ಮಾತ್ರ ಬಿಳಿ ಹಾಳೆಯಾಗಿ ನಿಂತುಬಿಡುತ್ತದೆ. ಅದೇ ಪುಟ ಪಕ್ಕದ ಫೋನಿನಲ್ಲಿ, ಮೊಬೈಲ್ ಡೇಟಾ ಹಾಕಿದೊಡನೆ ಥಟ್ಟನೆ ಬರುತ್ತದೆ. ಮನೆಯವರು ರೂಟರನ್ನು ಆಫ್ ಮಾಡಿ ಆನ್ ಮಾಡುತ್ತಾರೆ, ಆಂಟೆನಾ ತಿರುಗಿಸುತ್ತಾರೆ, ಲ್ಯಾಪ್‌ಟಾಪ್ ಹೊತ್ತುಕೊಂಡು ಹಾಲಿಗೆ ಬಂದು ಕೂರುತ್ತಾರೆ.

ಇದು ಅಕ್ಷರಶಃ ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ. ವೈಫೈಗೆ ಆಧಾರವಾದ 802.11 ಮಾನದಂಡ 1997ರಲ್ಲಿ ಬಂತು. ಗಾಳಿಯಲ್ಲಿ ಕಳುಹಿಸಿದ ಪ್ರತಿ ತುಣುಕಿಗೂ ಆ ಕಡೆಯಿಂದ 'ತಲುಪಿತು' ಎಂಬ ಉತ್ತರ ಬರಬೇಕು, ಬಾರದಿದ್ದರೆ ಮತ್ತೆ ಕಳುಹಿಸಬೇಕು ಎಂಬ ನಿಯಮ ಅದರಲ್ಲಿ ಮೊದಲಿನಿಂದಲೂ ಇದೆ. ಹಾಗಾಗಿ ಸಿಗ್ನಲ್ ಕುಂದಿದರೆ ಎಲ್ಲ ಸೈಟುಗಳೂ ಒಂದೇ ಸಮನೆ ನಿಧಾನವಾಗುತ್ತವೆ. ರೇಡಿಯೊ ಅಲೆಗೆ ಬ್ಯಾಂಕ್ ಯಾವುದು, ಸಿನಿಮಾ ಯಾವುದು ಎಂದು ಗೊತ್ತಿಲ್ಲ. ಒಂದು ತೆರೆದು ಇನ್ನೊಂದು ತೆರೆಯದಿದ್ದರೆ ತೊಂದರೆಯ ಬೇರು ಬೇರೆಡೆ ಇರುತ್ತದೆ, ಮತ್ತು ಎಷ್ಟೋ ಸಲ ಆ ಬೇರು ವೈಫೈಗಿಂತ ಬಹಳ ಹಳೆಯದು.

ಮೊದಲ ಬೇರು ಹೆಸರಿನದು. 1970ರ ದಶಕದಲ್ಲಿ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ಗೆ ಸೇರಿದ ಕಂಪ್ಯೂಟರುಗಳ ಹೆಸರು, ವಿಳಾಸಗಳೆಲ್ಲ ಒಂದೇ ಒಂದು ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆ ಮುನ್ನಡೆಸುತ್ತಿದ್ದ ಮಾಹಿತಿ ಕೇಂದ್ರ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿಸಬೇಕಾದವರು ಆ ಕಚೇರಿಗೆ ತಿಳಿಸಬೇಕು, ಕೇಂದ್ರದವರು ಕಡತ ತಿದ್ದಬೇಕು, ಉಳಿದವರೆಲ್ಲ ಅದರ ಪ್ರತಿಯನ್ನು ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬೇಕು. ಪ್ರತಿ ಇಳಿಸಿಕೊಳ್ಳುವುದು ತಡವಾದವನಿಗೆ ಹೊಸ ಯಂತ್ರ ಕಾಣುತ್ತಿರಲಿಲ್ಲ. ಕೆಲವು ಸಿಗುತ್ತವೆ, ಕೆಲವು ಸಿಗುವುದಿಲ್ಲ ಎಂಬ ಗೋಳು ಆಗಲೇ ಶುರುವಾಗಿತ್ತು.

ಯಂತ್ರಗಳ ಸಂಖ್ಯೆ ಏರಿದಂತೆ ಈ ಪದ್ಧತಿ ಕುಸಿಯತೊಡಗಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯಲ್ಲಿ ಜಾನ್ ಪೋಸ್ಟೆಲ್ ತಮ್ಮ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಅವರಿಗೆ ಇದಕ್ಕೊಂದು ದಾರಿ ಹುಡುಕಲು ಹೇಳಿದರು. 1983ರ ನವೆಂಬರಿನಲ್ಲಿ ಮೊಕಪೆಟ್ರಿಸ್ ಪ್ರಕಟಿಸಿದ ಪರಿಹಾರವೇ ಇಂದಿನ ಡಿಎನ್‌ಎಸ್. ಹೆಸರುಗಳನ್ನು ಒಂದೆಡೆ ಪೇರಿಸಿಡುವ ಬದಲು ಆಯಾ ಸಂಸ್ಥೆಯ ಹೆಸರಿಗೆ ಆಯಾ ಸಂಸ್ಥೆಯೇ ಹೊಣೆ. ಕೇಳಿ ತಿಳಿದುಕೊಂಡ ಉತ್ತರವನ್ನು ದಾರಿಯಲ್ಲಿನ ಸರ್ವರುಗಳು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳಬಹುದು, ಅವಧಿ ತೀರಿದ ಮೇಲೆ ಮತ್ತೆ ಕೇಳಬೇಕು. ಈ ನೆನಪಿನ ಬಲದಿಂದಲೇ ಇಂಟರ್ನೆಟ್ ಇಷ್ಟು ದೊಡ್ಡದಾಗಲು ಸಾಧ್ಯವಾಯಿತು. ಸೈಟೊಂದು ವಿಳಾಸ ಬದಲಿಸಿದಾಗ ಒಂದು ಮನೆಗೆ ಕಂಡದ್ದು ಪಕ್ಕದ ಮನೆಗೆ ಕಾಣದಿರುವುದಕ್ಕೂ ಇದೇ ನೆನಪು ಕಾರಣ.

ಹಳೆಯ ಕಡತ ಸತ್ತುಹೋಗಲಿಲ್ಲ. ಇಂದಿನ ಯಾವುದೇ ವಿಂಡೋಸ್ ಲ್ಯಾಪ್‌ಟಾಪ್ ತೆರೆದು ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಎಂಬ ಫೋಲ್ಡರಿಗೆ ಹೋದರೆ 'ಹೋಸ್ಟ್ಸ್' ಎಂಬ ಪುಟ್ಟ ಫೈಲ್ ಸಿಗುತ್ತದೆ. ಫೈನ್ಲರ್ ಕಚೇರಿಯ ಪಟ್ಟಿಯ ನೇರ ವಂಶಸ್ಥ ಅದು. ಲ್ಯಾಪ್‌ಟಾಪ್ ಇಂದಿಗೂ ಹೊರಗೆ ಯಾರನ್ನಾದರೂ ಕೇಳುವ ಮೊದಲು ಅದರ ಮಾತನ್ನೇ ನಂಬುತ್ತದೆ. ವೈರಸ್ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಆಂಟಿವೈರಸ್ ಕಂಪನಿಗಳ ಹೆಸರಿನ ಮುಂದೆ ಸುಳ್ಳು ವಿಳಾಸ ಬರೆದುಬಿಟ್ಟರೆ ಸಾಕು, ಉಳಿದೆಲ್ಲ ಸೈಟುಗಳು ತೆರೆಯುತ್ತವೆ, ಮದ್ದು ಸಿಗುವ ಸೈಟುಗಳು ಮಾತ್ರ ತೆರೆಯುವುದಿಲ್ಲ.

ಇದೇ ಜಾಡಿನ ದೊಡ್ಡ ವಂಚನೆ ಬಯಲಾದದ್ದು 2011ರ ನವೆಂಬರಿನಲ್ಲಿ. ಎಸ್ಟೋನಿಯಾದ ಆರು ಮಂದಿಯ ಮೇಲೆ ಅಮೆರಿಕದ ಎಫ್‌ಬಿಐ ಆರೋಪ ಹೊರಿಸಿತು. ಅವರ 'ಡಿಎನ್‌ಎಸ್ ಚೇಂಜರ್' ಎಂಬ ಕುತಂತ್ರಾಂಶ ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳಿಗೆ ಹೊಕ್ಕಿತ್ತು, ಹೆಸರು ಕೇಳಿದವರನ್ನೆಲ್ಲ ಅವರ ಸರ್ವರುಗಳ ಕಡೆಗೆ ತಿರುಗಿಸುತ್ತಿತ್ತು. ಕಳ್ಳರ ಸರ್ವರುಗಳನ್ನು ಹಾಗೆಯೇ ಮುಚ್ಚಿದ್ದರೆ ಲಕ್ಷಾಂತರ ಮನೆಗಳಿಗೆ ಇಂಟರ್ನೆಟ್ಟೇ ಇಲ್ಲದಂತಾಗುತ್ತಿತ್ತು. ಆದ್ದರಿಂದ ಕೋರ್ಟಿನ ಅನುಮತಿ ಪಡೆದು, ಅವುಗಳ ಜಾಗದಲ್ಲಿ ಸರಿಯಾದ ಉತ್ತರ ಕೊಡುವ ಸರ್ವರುಗಳನ್ನು ತಿಂಗಳುಗಟ್ಟಲೆ ನಡೆಸಲಾಯಿತು. ಅವು ನಿಂತದ್ದು 2012ರ ಜುಲೈ 9ರಂದು.

ಡಿಎನ್‌ಎಸ್ ಸರ್ವರನ್ನೇ ಬದಲಿಸಿ, ಬೇರೆಯವರದನ್ನು ಹಾಕಿ ನೋಡುವ ಮನೆಮದ್ದಿಗೂ ಹುಟ್ಟಿದ ದಿನಗಳಿವೆ. ಗೂಗಲ್‌ನ 8.8.8.8 ಬಂದದ್ದು 2009ರ ಡಿಸೆಂಬರಿನಲ್ಲಿ, ಕ್ಲೌಡ್‌ಫ್ಲೇರ್‌ನ 1.1.1.1 ಬಂದದ್ದು 2018ರ ಏಪ್ರಿಲ್ 1ರಂದು. ಈ ಎರಡನೆಯದು ಮೊದಮೊದಲು ಕೆಲವು ಮನೆಗಳಿಗೆ ಸಿಗಲೇ ಇಲ್ಲ. ಆ ಸಂಖ್ಯೆಯನ್ನು ಯಾರೂ ಬಳಸುವುದಿಲ್ಲ ಎಂದುಕೊಂಡು ಕೆಲವು ರೂಟರ್ ತಯಾರಕರು ಅದನ್ನು ತಮ್ಮ ಯಂತ್ರದ ಒಳಗಿನ ಕೆಲಸಕ್ಕೆ ಇಟ್ಟುಕೊಂಡಿದ್ದರು.

ಎರಡನೆಯ ಬೇರು ಅಳತೆಯದು. ಅದರ ಕಥೆ ಒಂದು ಸದ್ದಿನಿಂದ ಆರಂಭಿಸುವುದು ಒಳ್ಳೆಯದು.

1983ರ ಡಿಸೆಂಬರಿನಲ್ಲಿ, ಅಮೆರಿಕದ ಮೇರಿಲ್ಯಾಂಡಿನಲ್ಲಿರುವ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ಮೈಕ್ ಮ್ಯೂಸ್ ಎಂಬ ಎಂಜಿನಿಯರ್ ತಮ್ಮ ನೆಟ್‌ವರ್ಕಿನ ಕಿರಿಕಿರಿ ತಾಳಲಾರದೆ ಒಂದು ಸಣ್ಣ ಪ್ರೋಗ್ರಾಂ ಬರೆದರು. ಜಲಾಂತರ್ಗಾಮಿಗಳ ಸೋನಾರ್ ಸದ್ದನ್ನು ನೆನೆದು ಅದಕ್ಕೆ 'ಪಿಂಗ್' ಎಂದು ಹೆಸರಿಟ್ಟರು. ಇಲ್ಲಿಂದ ಒಂದು ಕೂಗು ಹಾಕುವುದು, ಅಲ್ಲಿಂದ ಮರುದನಿ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುವುದು, ಅಷ್ಟೇ ಅದರ ಕೆಲಸ. ಆಗಾಗ ಕೈಕೊಡುವ ಕೇಬಲ್ಲಿನಿಂದ ಬೇಸತ್ತ ನೆಟ್‌ವರ್ಕ್ ನಿರ್ವಾಹಕನೊಬ್ಬನ ಕಥೆಯನ್ನು ಮ್ಯೂಸ್ ಮೆಚ್ಚಿ ಬರೆದಿದ್ದಾರೆ. ಆತ ಪಿಂಗ್‌ಗೆ ಬಂದ ಪ್ರತಿ ಉತ್ತರವನ್ನೂ ಕಂಪ್ಯೂಟರ್ ಬಾಯಲ್ಲಿ ಹೇಳಿಸಿ, ಅದನ್ನು ಕಚೇರಿಯ ಸ್ಟೀರಿಯೊಗೆ ಜೋಡಿಸಿ, ಸದ್ದನ್ನು ಸಹಿಸಲಾಗುವಷ್ಟು ಜೋರಾಗಿ ಇಟ್ಟ. ಸೆಕೆಂಡಿಗೊಮ್ಮೆ 'ಪಿಂಗ್, ಪಿಂಗ್' ಎಂದು ಕೂಗುತ್ತಿದ್ದಂತೆ ಕಟ್ಟಡದ ತುಂಬ ನಡೆದಾಡುತ್ತ ಒಂದೊಂದೇ ಕನೆಕ್ಟರನ್ನು ಅಲ್ಲಾಡಿಸಿದ. ಯಾವುದನ್ನು ಮುಟ್ಟಿದಾಗ ಕೂಗು ನಿಂತಿತೋ ಅಲ್ಲೇ ದೋಷ. ದುರಸ್ತಿಯ ಇಡೀ ಕಸುಬು ಆ ದೃಶ್ಯದಲ್ಲಿದೆ: ಮೌನ ಎಲ್ಲಿ ಶುರುವಾಗುತ್ತದೆಂದು ಹುಡುಕುವುದು.

ಆದರೆ 1996ರಲ್ಲಿ ಪಿಂಗ್‌ಗೆ ಕೆಟ್ಟ ಹೆಸರು ಬಂತು. ಮಿತಿ ಮೀರಿದ ಗಾತ್ರದ ಪಿಂಗ್ ಕಳುಹಿಸಿದರೆ ಎಷ್ಟೋ ಬಗೆಯ ಕಂಪ್ಯೂಟರುಗಳು ಕುಸಿದುಬೀಳುತ್ತಿದ್ದವು. ಈ ದಾಳಿಗೆ 'ಪಿಂಗ್ ಆಫ್ ಡೆತ್' ಎಂದು ಹೆಸರಾಯಿತು. ಪಿಂಗನ್ನು ದುರ್ಬಳಕೆ ಮಾಡುವ ಇನ್ನಷ್ಟು ದಾಳಿಗಳೂ ಬೆನ್ನಿಗೇ ಬಂದವು. ಗಾಬರಿಗೊಂಡ ಅನೇಕ ನಿರ್ವಾಹಕರು ಪಿಂಗ್ ಮಾತ್ರವಲ್ಲ, ಪಿಂಗ್ ಸಾಗುವ ಐಸಿಎಂಪಿ ಎಂಬ ಸಂದೇಶ ವ್ಯವಸ್ಥೆಯನ್ನೇ ಫೈರ್‌ವಾಲಿನಲ್ಲಿ ತಡೆದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಏಕೆಂದರೆ ಅದೇ ದಾರಿಯಲ್ಲಿ ಇನ್ನೊಂದು ಬಹಳ ಮುಖ್ಯವಾದ ಸಂದೇಶವೂ ಬರುತ್ತಿತ್ತು.

ತಂತಿಯ ಜಾಲವಾದ ಈಥರ್ನೆಟ್ಟಿನ 1980ರ ಮಾನದಂಡದಲ್ಲಿ ಒಂದು ಪ್ಯಾಕೆಟ್ಟಿಗೆ, ಅಂದರೆ ಡೇಟಾದ ಒಂದು ಕಂತೆಗೆ, 1500 ಬೈಟು ಗರಿಷ್ಠ ಎಂದು ನಿಗದಿಯಾಗಿತ್ತು. ಎಲ್ಲ ದಾರಿಗಳೂ ಅಷ್ಟು ಅಗಲವಾಗಿರುವುದಿಲ್ಲ. ಹಾಗಾಗಿ 1990ರ ನವೆಂಬರಿನಲ್ಲಿ ಜೆಫ್ರಿ ಮೊಗುಲ್ ಮತ್ತು ಸ್ಟೀವ್ ಡೀರಿಂಗ್ ಒಂದು ಉಪಾಯ ಪ್ರಕಟಿಸಿದರು. ಪ್ಯಾಕೆಟ್ಟಿನ ಮೇಲೆ 'ತುಂಡು ಮಾಡಬೇಡಿ' ಎಂಬ ಗುರುತು ಹಾಕಿ ಕಳುಹಿಸಬೇಕು. ಇಕ್ಕಟ್ಟಿನ ಜಾಗ ಬಂದರೆ ಅಲ್ಲಿನ ರೂಟರ್ 'ಇದು ದೊಡ್ಡದಾಯಿತು, ಚಿಕ್ಕದು ಕಳುಹಿಸಿ' ಎಂದು ಐಸಿಎಂಪಿಯಲ್ಲಿ ಹೇಳಿ ಕಳುಹಿಸುತ್ತದೆ. 1999ರ ಫೆಬ್ರವರಿಯಲ್ಲಿ ಪಿಪಿಪಿಒಇ ಎಂಬ ವಿಧಾನ ಬಂತು. ಡಯಲ್-ಅಪ್ ಕಾಲದ ಯೂಸರ್‌ನೇಮ್, ಪಾಸ್‌ವರ್ಡ್ ಪದ್ಧತಿಯನ್ನು ಬ್ರಾಡ್‌ಬ್ಯಾಂಡಿಗೂ ತರಲು ಅದು ಪ್ರತಿ ಪ್ಯಾಕೆಟ್ಟಿನಲ್ಲಿ 8 ಬೈಟು ತೆಗೆದುಕೊಂಡಿತು. ಉಳಿದದ್ದು 1492.

ಎಂಟೇ ಎಂಟು ಬೈಟು. ಬ್ಯಾಂಕಿನ ಸರ್ವರ್ 1500 ಬೈಟಿನ ಪ್ಯಾಕೆಟ್ ಕಳುಹಿಸುತ್ತದೆ. ಇಂಟರ್ನೆಟ್ ಕಂಪನಿಯ ರೂಟರ್ ಅದನ್ನು ಮನೆಯ ಲೈನಿಗೆ ತೂರಿಸಲಾಗದೆ 'ಚಿಕ್ಕದು ಕಳುಹಿಸಿ' ಎನ್ನುತ್ತದೆ. ಆ ಮಾತನ್ನು ಬ್ಯಾಂಕಿನ ಫೈರ್‌ವಾಲ್ ನುಂಗಿಹಾಕುತ್ತದೆ. ಸರ್ವರ್ ಏನೂ ತಿಳಿಯದೆ ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಮೊದಲ ಪರಿಚಯದ ಚಿಕ್ಕ ಪ್ಯಾಕೆಟ್ಟುಗಳು ಸಲೀಸಾಗಿ ದಾಟುವುದರಿಂದ ಬ್ರೌಸರಿಗೆ ಸಂಪರ್ಕ ಸಿಕ್ಕಿದೆ ಎನಿಸುತ್ತದೆ, ಪುಟ ಮಾತ್ರ ಬರುವುದಿಲ್ಲ. 2000ದ ಸೆಪ್ಟೆಂಬರಿನಲ್ಲಿ ಈ ರೋಗವನ್ನು ಅಧಿಕೃತ ದಾಖಲೆಯೊಂದು 'ಕಪ್ಪು ಕುಳಿ' ಎಂಬ ಹೆಸರಿನಲ್ಲಿ ವಿವರಿಸಿತು. ಇಲ್ಲಿ ವೈಫೈ ನಿರಪರಾಧಿ ಎಂಬುದಕ್ಕೆ ಅಂಕಿಯೇ ಸಾಕ್ಷಿ. 802.11 ಗಾಳಿಯಲ್ಲಿ 2304 ಬೈಟಿನವರೆಗೆ ಒಯ್ಯಬಲ್ಲದು, ತಂತಿಯ ಈಥರ್ನೆಟ್ಟಿಗಿಂತಲೂ ಹೆಚ್ಚು.

ಭಾರತದಲ್ಲಿ ಬ್ರಾಡ್‌ಬ್ಯಾಂಡ್, ವೈಫೈ ಎಂಬ ಎರಡು ಎಳೆಗಳು ಒಂದೇ ತಿಂಗಳಲ್ಲಿ ಹತ್ತಿರ ಬಂದವು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತನ್ನ 'ಡೇಟಾವನ್' ಬ್ರಾಡ್‌ಬ್ಯಾಂಡ್ ಆರಂಭಿಸಿತು. ಕೇಂದ್ರ ಸರ್ಕಾರ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಆವರ್ತನದಲ್ಲಿ ಕಡಿಮೆ ಶಕ್ತಿಯ ಉಪಕರಣ ಬಳಸಲು ಲೈಸೆನ್ಸ್ ಬೇಡ ಎಂದದ್ದೂ ಆ ತಿಂಗಳಲ್ಲೇ. ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿದ್ದ ಕಾಲ. ಕರ್ನಾಟಕದ ಮನೆಗಳಲ್ಲೂ ಲ್ಯಾಂಡ್‌ಲೈನ್ ಫೋನಿನ ಪಕ್ಕ, ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿಯ ಜೊತೆ ಎಡಿಎಸ್‌ಎಲ್ ಮೋಡೆಮ್ ಬಂದು ಕುಳಿತಿತು. ಅದರ ಸೆಟ್ಟಿಂಗ್ ಪುಟದಲ್ಲಿ ಪಿಪಿಪಿಒಇ, ಅದರ ಕೆಳಗೆ ಎಂಟಿಯು, ಅಂದರೆ ಪ್ಯಾಕೆಟ್ಟಿನ ಗರಿಷ್ಠ ಅಳತೆ, 1492. ಹೆಚ್ಚಿನವರು ಆ ಅಂಕಿಯನ್ನು ಎಂದೂ ಮುಟ್ಟಲಿಲ್ಲ. ಮುಟ್ಟಿದವರು ಕೆಲವು ಸೈಟುಗಳನ್ನು ಕಳೆದುಕೊಂಡದ್ದೂ ಉಂಟು, ಮರಳಿ ಪಡೆದದ್ದೂ ಉಂಟು.

ಮೂರನೆಯ ಬೇರು ಹೊಸದು, ಅದಕ್ಕೆ ಗಡಿಯಾರ ತಪ್ಪಿದರೆ ಸಾಕು. ಬೀಗದ ಗುರುತಿರುವ ಸೈಟುಗಳ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಲ್ಯಾಪ್‌ಟಾಪಿನೊಳಗಿನ ಬಟನ್ ಸೆಲ್ ಸತ್ತು ತಾರೀಖು ಹತ್ತು ವರ್ಷ ಹಿಂದೆ ಹೋದರೆ ಬ್ರೌಸರಿಗೆ ಆ ಪತ್ರಗಳೆಲ್ಲ ಅಸಿಂಧು. 2021ರ ಸೆಪ್ಟೆಂಬರ್ 30ರಂದು ಇದರ ಉಲ್ಟಾ ಆಯಿತು. ಅಸಂಖ್ಯ ಸೈಟುಗಳು ಆಧರಿಸಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿಯೇ ಮುಗಿಯಿತು. ಅಪ್‌ಡೇಟ್ ಕಾಣದ ಹಳೆಯ ಲ್ಯಾಪ್‌ಟಾಪುಗಳಲ್ಲಿ ನಿನ್ನೆಯವರೆಗೆ ತೆರೆದಿದ್ದ ಕೆಲವು ಸೈಟುಗಳು ಆ ದಿನದಿಂದ ಎಚ್ಚರಿಕೆಯ ಪುಟವಾದವು.

ಕಪ್ಪು ಕುಳಿಗೆ ಈಗ ಮದ್ದುಗಳಿವೆ. ರೂಟರುಗಳು ಸಂಪರ್ಕದ ಆರಂಭದಲ್ಲೇ 'ಚಿಕ್ಕದು ಕಳುಹಿಸಿ' ಎಂದು ಪ್ಯಾಕೆಟ್ಟಿನೊಳಗೇ ತಿದ್ದಿ ಬರೆಯುತ್ತವೆ. ಐಸಿಎಂಪಿಯನ್ನು ನೆಚ್ಚದೆ, ಸರ್ವರ್ ತಾನೇ ಗಾತ್ರ ಬದಲಿಸಿ ಪರೀಕ್ಷಿಸುವ ವಿಧಾನ 2007ರಲ್ಲಿ ಬಂತು. ಆದರೂ ಅನುಮಾನ ಬಂದಾಗ ಕಸುಬು ಬಲ್ಲವರು ಲ್ಯಾಪ್‌ಟಾಪಿನ ಕಪ್ಪು ಕಮಾಂಡ್ ಕಿಟಕಿ ತೆರೆದು ಮ್ಯೂಸ್ ಅವರ ಪಿಂಗನ್ನೇ ಕರೆಯುತ್ತಾರೆ. ತುಂಡು ಮಾಡಬೇಡ ಎಂದು ಹೇಳಿ 1472 ಬೈಟು ಕೊಡುತ್ತಾರೆ. ತಲೆಬರಹದ 28 ಸೇರಿದರೆ 1500. ಪ್ಯಾಕೆಟ್ಟನ್ನು ತುಂಡು ಮಾಡಬೇಕಾಗಿದೆ ಎಂಬ ದೂರು ಬರುತ್ತದೆ, ಇಲ್ಲವೇ ಉತ್ತರವೇ ಬರುವುದಿಲ್ಲ. 1470, 1468, 1466. ಆಗಲೂ ಇಲ್ಲ. 1464 ಎಂದು ಬರೆದು ಎಂಟರ್ ಒತ್ತಿದಾಗ ಉತ್ತರದ ನಾಲ್ಕು ಸಾಲುಗಳು ಒಂದರ ಕೆಳಗೊಂದು ಬಂದು ನಿಲ್ಲುತ್ತವೆ.