ದಿಮ್ಮಿಯ ಅಳತೆ, ಮೆಮೊರಿಯ ಅಳತೆ

1862ರಲ್ಲಿ ಮದರಾಸು ಪ್ರಾಂತದಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡದಲ್ಲಿ, ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡಗಳ ಸಾಗವಾನಿ ಕಾಡುಗಳ ನಡುವೆ, ಕಡಿದುರುಳಿಸಿದ ದಿಮ್ಮಿಯೊಂದರಲ್ಲಿ ಎಷ್ಟು ಮರವಿದೆಯೆಂದು ನಿರ್ಣಯಿಸುವುದೇ ಒಂದು ವಿದ್ಯೆಯೆನಿಸಿತ್ತು. ದಿಮ್ಮಿಯ ನಡುವಿನ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವುದು ನಾಟಾ ವ್ಯಾಪಾರದ ರೂಢಿಯ ಸೂತ್ರ. ಹೀಗೆ ಸಿದ್ಧಿಸುವ ಗಾತ್ರವು ದುಂಡು ಮರದ ನಿಜಗಾತ್ರದ ಶೇಕಡ 78.5ರಷ್ಟು ಮಾತ್ರ, ಉಳಿದುದು ಚೌಕಾಕಾರವಾಗಿ ಕೊಯ್ಯುವಾಗ ಕಳೆದುಹೋಗುವ ಅಂಚಿಗೆಂದು ಬಿಟ್ಟ ಪಾಲು. ಮಾರುವವನೂ ಕೊಳ್ಳುವವನೂ ಇದನ್ನು ಬಲ್ಲವರಾದುದರಿಂದ, ಆ ಸಂಖ್ಯೆ ನಿಜಗಾತ್ರವಲ್ಲದಿದ್ದರೂ ಪ್ರಾಮಾಣಿಕವಾಗಿತ್ತು.

ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಮೆಮೊರಿ ಉಂಟೆಂಬ ಪ್ರಶ್ನೆಯ ಚರಿತ್ರೆಯಲ್ಲಿ ನನಗೆ ಕಾಣದಿರುವುದು ಈ ಪರಸ್ಪರ ತಿಳಿವಳಿಕೆಯೇ. ಅಗಲದಲ್ಲಿ 1024, ಎತ್ತರದಲ್ಲಿ 768 ಬಿಂದುಗಳುಳ್ಳ ಪರದೆಯನ್ನು, ಬಿಂದುವೊಂದಕ್ಕೆ ನಾಲ್ಕು ಬೈಟಿನಂತೆ, ಬರಿದೆ ತುಂಬಲು ಮೂರು ಎಂ.ಬಿ. ಸಾಕು, ಆದರೆ ಮೂರು ಆಯಾಮದ ಚಿತ್ರಗಳಿಗೆ ಬೇಕಾದ ಮೇಲ್ಮೈ ವಿನ್ಯಾಸಗಳನ್ನೆಲ್ಲ ಹತ್ತಿರದಲ್ಲಿಯೇ ಇಟ್ಟುಕೊಳ್ಳಬೇಕಾದಾಗ ಹಸಿವು ಬೆಳೆಯಿತು. 1997ರಲ್ಲಿ ಬಂದ ಇಂಟೆಲ್ಲಿನ ಎ.ಜಿ.ಪಿ. ಮಾರ್ಗವು ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ಎರವಲು ಪಡೆಯುವ ದಾರಿಯನ್ನು ತೆರೆಯಿತು. 1999ರ ಐ-810 ಚಿಪ್‌ಸೆಟ್ಟು ಬಹುಮಟ್ಟಿಗೆ ಎರವಲಿನಿಂದಲೇ ಬದುಕಿತು.

ಅನಂತರ 2004ರ ಡಿಸೆಂಬರಿನಲ್ಲಿ ಎನ್‌ವಿಡಿಯಾ ಟರ್ಬೋಕ್ಯಾಷ್ ಎಂಬ ತಂತ್ರವನ್ನು ಹೊರತಂದಿತು. ಬರಿಯ 16 ಎಂ.ಬಿ. ಸ್ವಂತ ಮೆಮೊರಿಯುಳ್ಳ ಕಾರ್ಡೂ, ಎರವಲನ್ನೂ ಸೇರಿಸಿ ಎಣಿಸಿಕೊಂಡು, 128 ಎಂ.ಬಿ.ಯ ಹೆಸರಿನಲ್ಲಿ ಅಂಗಡಿಗೆ ಬರುವಂತಾಯಿತು. ಮರುವರ್ಷ ಎ.ಟಿ.ಐ. ಹೈಪರ್‌ಮೆಮೊರಿಯೊಡನೆ ಅದೇ ಹಾದಿಯನ್ನು ಹಿಡಿಯಿತು. ಅದೇ 2004ರಲ್ಲಿಯೇ ಹಳಿಯಾಳದಲ್ಲಿ ಕರ್ನಾಟಕ ಲಾ ಸೊಸೈಟಿಯ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಗಿ, ಈ ಕಾಡುನಾಡಿನ ತರುಣರಿಗೆ ತಾಂತ್ರಿಕ ವಿದ್ಯೆ ಮನೆಯ ಸಮೀಪಕ್ಕೆ ಬಂದಿತು. ಮೊದಲ ಲ್ಯಾಪ್‌ಟಾಪಿಗೆ ಹಣ ಕೂಡಿಸುವ ಕುಟುಂಬಕ್ಕೆ ಚೀಟಿಯ ಮೇಲಿನ ‘ಇಂತಿಷ್ಟರವರೆಗೆ’ ಎಂಬ ಸಣ್ಣ ಅಕ್ಷರಗಳ ಅರ್ಥವನ್ನು ವಿವರಿಸಿ ಹೇಳುವ ಹೊಣೆ ಮಾರುವವನದೇ ಆಗಿತ್ತೆಂದು ನಾನು ದೃಢವಾಗಿ ನಂಬುತ್ತೇನೆ.

ವಿಂಡೋಸ್ ವಿಸ್ಟಾದ ಕಾಲಕ್ಕೆ ಡೆಡಿಕೇಟೆಡ್, ಶೇರ್ಡ್, ಒಟ್ಟು ಲಭ್ಯ ಎಂಬ ಮೂರು ಲೆಕ್ಕಗಳು ಬೇರೆಬೇರೆಯಾಗಿ ತೋರತೊಡಗಿದುವು. ಕೊಳ್ಳುವವನ ಕಣ್ಣು ಮಾತ್ರ ಒಟ್ಟಿನ ಮೇಲೆಯೇ ನಿಂತಿತು. ಇದಕ್ಕೆ ವಿರುದ್ಧವಾದ ದೋಷವೂ ಇದ್ದಿತು. ವಿಂಡೋಸಿನಲ್ಲಿ ಯಂತ್ರದ ವಿವರ ಕೊಡುವ ಹಳೆಯ ಅಂಕಣವೊಂದು 32 ಬಿಟ್ಟಿನದಾದುದರಿಂದ ನಾಲ್ಕು ಜಿ.ಬಿ.ಯಿಂದಾಚೆ ಎಣಿಸಲಾರದು, ಎಂಟು ಜಿ.ಬಿ.ಯ ಕಾರ್ಡನ್ನು ಅದರಿಂದ ಅಳೆದರೆ ಅರ್ಧವೇ ಕಾಣುವುದು. ಲಿನಕ್ಸಿನ ಎಲ್‌ಎಸ್‌ಪಿಸಿಐ ಎಂಬ ಆಜ್ಞೆ ಅನೇಕ ವೇಳೆ ತೋರಿಸುವ 256 ಎಂ.ಬಿ.ಯಾದರೋ ಪ್ರೊಸೆಸರು ಇಣುಕಿ ನೋಡಬಲ್ಲ ಕಿಟಕಿಯ ಅಗಲವೇ ಹೊರತು ಕಾರ್ಡಿನ ಸಾಮರ್ಥ್ಯವಲ್ಲ.

ಈಗ ನಿರ್ಣಯ ಸುಲಭವಾಗಿದೆ: ಎನ್‌ವಿಡಿಯಾದ ಕಾರ್ಡಾದರೆ ಎನ್‌ವಿಡಿಯಾ-ಎಸ್‌ಎಂಐ ಎಂಬ ಆಜ್ಞೆ ಕಾರ್ಡಿನ ಮೇಲಿರುವ ಮೆಮೊರಿಯನ್ನು ಹೇಳುತ್ತದೆ, 2017ರಿಂದೀಚೆಗೆ ವಿಂಡೋಸ್ 10ರ ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟದಲ್ಲಿಯೂ ಸ್ವಂತದ್ದು, ಹಂಚಿಕೊಂಡದ್ದು ಬೇರೆಬೇರೆ ಕಾಣುತ್ತವೆ. 16 ಜಿ.ಬಿ. ಮುಖ್ಯ ಮೆಮೊರಿ ಹಾಗೂ ನಾಲ್ಕು ಜಿ.ಬಿ.ಯ ಕಾರ್ಡುಳ್ಳ ಲ್ಯಾಪ್‌ಟಾಪಿನಲ್ಲಿ, ಮುಖ್ಯ ಮೆಮೊರಿಯ ಅರ್ಧವಾದ ಎಂಟನ್ನೂ ಸಾಮಾನ್ಯವಾಗಿ ಸೇರಿಸಿಕೊಂಡು, ಒಟ್ಟು ಸುಮಾರು ಹನ್ನೆರಡೆಂದು ಕಾಣಿಸುವುದು. ಆದರೆ 128 ಬಿಟ್ಟಿನ, 14 ಗಿಗಾಬಿಟ್ ವೇಗದ ಜಿಡಿಡಿಆರ್6 ಸೆಕೆಂಡಿಗೆ 224 ಜಿ.ಬಿ.ಯನ್ನು ಒದಗಿಸಬಲ್ಲುದಾದರೆ, ಎಂಟು ಪಥಗಳ ನಾಲ್ಕನೆಯ ಪೀಳಿಗೆಯ ಪಿ.ಸಿ.ಐ. ಎಕ್ಸ್‌ಪ್ರೆಸ್ ಮಾರ್ಗದಲ್ಲಿ ಎರವಲಿನ ಮೆಮೊರಿ ಹಾದುಬರುವುದು ಸುಮಾರು 16ರಂತೆ. ಆದುದರಿಂದ ಆಟವೋ ಚಿತ್ರಸಂಸ್ಕರಣವೋ ನಾಲ್ಕನ್ನು ಮೀರಿದೊಡನೆಯೇ, ಲೆಕ್ಕದಲ್ಲಿ ಇನ್ನೂ ಎಂಟು ಉಳಿದಿರುವಂತೆ ಕಂಡರೂ, ಪರದೆ ತಡವರಿಸತೊಡಗುತ್ತದೆ.