ಯೆಕೊನ್ಯ ಮತ್ತು ದಾವೀದನ ವಂಶಾವಳಿ

ಯೆಕೊನ್ಯನು ಯೆಹೂದ ರಾಜ್ಯದ ಕೊನೆಯಿಂದ ಎರಡನೆಯ ಅರಸ. ಯೆಹೋಯಾಕೀಮನ ಮಗ, ಯೋಷೀಯನ ಮೊಮ್ಮಗ. ಬೈಬಲಿನಲ್ಲಿ ಈತನಿಗೆ ಯೆಹೋಯಾಖೀನ, ಕೊನ್ಯ ಎಂಬ ಹೆಸರುಗಳೂ ಇವೆ. ಅರಸರನ್ನೂ ಜನಾಂಗಗಳನ್ನೂ ಏರಿಸುವವನು, ಇಳಿಸುವವನು ದೇವರೇ ಎಂಬ ಬೈಬಲಿನ ನಿಲುವು ವಂಶಾವಳಿಗಳಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಈತನ ಪ್ರಸಂಗ ಬಹಳ ತೊಡಕಿನ ಉದಾಹರಣೆ. ಸಂತಾನಹೀನನೆಂದು ಬರೆದಿಡಬೇಕೆಂದು ಪ್ರವಾದಿ ಸಾರಿದ ಈ ಅರಸನೇ ಮುಂದೆ ಯೇಸುವಿನ ಪೂರ್ವಿಕರ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾನೆ.

ಆಳ್ವಿಕೆ ಮತ್ತು ಸೆರೆ

ಅರಸುಗಳು ಗ್ರಂಥದ ಪ್ರಕಾರ ಯೆಕೊನ್ಯನು 18ನೆಯ ವಯಸ್ಸಿನಲ್ಲಿ ಪಟ್ಟವೇರಿ ಮೂರೇ ತಿಂಗಳು ಆಳಿದನು. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನಿಗೆ ಶರಣಾಗಿ, ತಾಯಿ ನೆಹುಷ್ಟಾಳೊಡನೆ ಬಾಬಿಲೋನಿಗೆ ಸೆರೆಹೋದನು. ಅವನ ಚಿಕ್ಕಪ್ಪ ಚಿದ್ಕೀಯನನ್ನು ಬಾಬಿಲೋನಿನ ಅರಸನೇ ಸಿಂಹಾಸನದಲ್ಲಿ ಕೂರಿಸಿದನು. ಸೆರೆಯ 37ನೆಯ ವರ್ಷದಲ್ಲಿ ಎವೀಲ್ಮೆರೋದಕನು ಯೆಕೊನ್ಯನನ್ನು ಬಿಡಿಸಿ ತನ್ನ ಪಂಕ್ತಿಯಲ್ಲಿ ಊಟಕ್ಕೆ ಸೇರಿಸಿಕೊಂಡನು.

ಶಾಪವಚನ ಮತ್ತು ವಂಶಾವಳಿಗಳು

ಯೆರೆಮೀಯನ ಗ್ರಂಥದ 22ನೆಯ ಅಧ್ಯಾಯವು ಈ ಅರಸನನ್ನು ದೇವರು ತನ್ನ ಬಲಗೈಯಿಂದ ಕಿತ್ತೆಸೆಯುವ ಮುದ್ರೆಯುಂಗುರಕ್ಕೆ ಹೋಲಿಸುತ್ತದೆ. ಅವನ ಸಂತತಿಯಲ್ಲಿ ಯಾರೂ ದಾವೀದನ ಸಿಂಹಾಸನದಲ್ಲಿ ಕುಳಿತು ಏಳಿಗೆ ಹೊಂದರೆಂದು ಘೋಷಿಸುತ್ತದೆ. ಆದರೆ ಪೂರ್ವಕಾಲವೃತ್ತಾಂತದ ಪಟ್ಟಿಯಲ್ಲಿ ಅವನಿಗೆ ಮಕ್ಕಳಿದ್ದಾರೆ, ಮೊಮ್ಮಗನಾಗಿ ಜೆರುಬ್ಬಾಬೆಲನಿದ್ದಾನೆ. ಹಗ್ಗಾಯ ಪ್ರವಾದಿ ಅದೇ ಮುದ್ರೆಯುಂಗುರದ ಉಪಮೆಯನ್ನು ಜೆರುಬ್ಬಾಬೆಲನಿಗೆ ಅನ್ವಯಿಸಿ, ಕಿತ್ತೆಸೆದುದನ್ನು ಮತ್ತೆ ತೊಡಿಸಿದಂತೆ ಮಾತನಾಡುತ್ತಾನೆ. ಈ ಸಾಮ್ಯವನ್ನು ಆಕಸ್ಮಿಕವೆನ್ನುವುದು ಕಷ್ಟ. ಜೆರುಬ್ಬಾಬೆಲನಾದರೋ ಪಾರಸಿಕರ ಅಧೀನದ ದೇಶಾಧಿಪತಿಯಾಗಿದ್ದನೇ ಹೊರತು ಅರಸನಾಗಲಿಲ್ಲ. ಅಕ್ಷರಾರ್ಥದಲ್ಲಿ ಯೆರೆಮೀಯನ ಮಾತು ಸುಳ್ಳಾಗಲಿಲ್ಲ.

ಸೆರೆವಾಸವೇ ಪ್ರಾಯಶ್ಚಿತ್ತವಾಗಿ ಶಾಪ ತೀರಿತೆಂಬ ವಿವರಣೆ ತಾಲ್ಮೂದಿನಲ್ಲಿದೆ. ಕ್ರೈಸ್ತರಲ್ಲಿ ಸಮಸ್ಯೆ ಬೇರೆ ರೂಪ ತಾಳಿತು. ಮತ್ತಾಯನು ವಂಶಾವಳಿಯನ್ನು ಹದಿನಾಲ್ಕು ತಲೆಮಾರುಗಳ ಮೂರು ಭಾಗಗಳಾಗಿ ವಿಂಗಡಿಸಿ, ಯೆಹೋಯಾಕೀಮನ ಹೆಸರನ್ನು ಬಿಟ್ಟು, ಯೆಕೊನ್ಯನನ್ನು ಸೆರೆಯ ಕಾಲದ ಹೊಸ್ತಿಲಲ್ಲಿ ನಿಲ್ಲಿಸುತ್ತಾನೆ. ಲೂಕನ ಪಟ್ಟಿ ದಾವೀದನ ಇನ್ನೊಬ್ಬ ಮಗ ನಾತಾನನ ಮೂಲಕ ಸಾಗುವುದರಿಂದ ಅದರಲ್ಲಿ ಯೆಕೊನ್ಯನೇ ಇಲ್ಲ. ಆದರೂ ಶೆಯಲ್ತಿಯೇಲ, ಜೆರುಬ್ಬಾಬೆಲ ಎಂಬ ಹೆಸರುಗಳು ಎರಡರಲ್ಲಿಯೂ ಬರುತ್ತವೆ. ಯೇಸು ಯೋಸೇಫನ ದೇಹಸಂಬಂಧದ ಮಗನಲ್ಲವೆಂದು ವಾದಿಸಲು 2ನೆಯ ಶತಮಾನದ ಐರೇನಿಯಸನು ಈ ಶಾಪವನ್ನೇ ಆಧಾರವಾಗಿಸಿಕೊಂಡನು. ಲೂಕನದು ಮರಿಯಳ ವಂಶಾವಳಿಯೆಂಬ ಸಮಾಧಾನವೂ ಪ್ರಚಲಿತವಾಗಿದೆ; ಆ ಪಟ್ಟಿಯಲ್ಲಿ ಮರಿಯಳ ಹೆಸರಿಲ್ಲವೆಂಬುದನ್ನು ಮರೆಯಲಾಗದು.

ಬಾಬಿಲೋನಿನ ದಾಖಲೆ

ಜರ್ಮನ್ ಪುರಾತತ್ತ್ವಜ್ಞ ರಾಬರ್ಟ್ ಕೋಲ್ಡೆವೆ ಬಾಬಿಲೋನಿನ ಅರಮನೆಯಲ್ಲಿ ನಡೆಸಿದ ಉತ್ಖನನದಲ್ಲಿ ದೊರೆತ ಮಣ್ಣಿನ ಫಲಕಗಳನ್ನು 1939ರಲ್ಲಿ ಅರ್ನ್‌ಸ್ಟ್ ವೈಡ್ನರ್ ಪ್ರಕಟಿಸಿದರು. ಉಗ್ರಾಣದಿಂದ ಯಾರಿಗೆ ಎಷ್ಟು ಎಣ್ಣೆ ಅಳೆದುಕೊಡಲಾಯಿತೆಂಬ ನಿತ್ಯದ ಲೆಕ್ಕವದು. ಅದರಲ್ಲಿ ಯೆಹೂದದ ಅರಸನೆಂದೇ ಯೆಕೊನ್ಯನ ಹೆಸರಿದೆ. ಅವನ ಐವರು ಗಂಡುಮಕ್ಕಳ ಪಾಲೂ ದಾಖಲಾಗಿದೆ.