ದೊಡ್ಡಪ್ಪನವರ ಜೀಪು

ಕಳೆದ ದೀಪಾವಳಿಯ ಮಾರನೆಯ ದಿನ ನಮ್ಮ ದೊಡ್ಡಪ್ಪನವರ ಮೊಮ್ಮಗ ಹಾಸನದ ನಮ್ಮ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ; ಶನಿವಾರ ಭಾನುವಾರ ಬಂತೆಂದರೆ ಹಾಸನಕ್ಕೆ ಓಡಿಬಂದು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಳೆಯ ಜೀಪಿನ ಕೆಳಗೆ ಮಲಗಿರುತ್ತಾನೆ. ಅವನಂತೆಯೇ ಮೂರು ನಾಲ್ಕು ಮಂದಿ ಗೆಳೆಯರಿದ್ದಾರೆ. ತಾವೇ ಬಿಚ್ಚಿ, ತಾವೇ ಜೋಡಿಸಿ, ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಪರಿಚಿತರ ಕಾಫಿ ತೋಟಗಳ ಕೆಸರು ದಾರಿಯಲ್ಲಿ ಓಡಿಸಿ ಮತ್ತೆ ಕೆಡಿಸಿಕೊಂಡು ಬರುವುದು ಇವರ ಹವ್ಯಾಸ. ನನ್ನಂಥ ಮುದುಕನಿಗೆ ಇದು ಬೇಗ ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಅಂದು ಅವನು ಕೇಳಿದ ಪ್ರಶ್ನೆ ಇದು: "ಚಿಕ್ಕಪ್ಪ, ನೀವು ಇತಿಹಾಸದ ಮೇಷ್ಟ್ರು, ನೀವೇ ಹೇಳಿ. ತಾತನ ಜೀಪಿಗೆ ಮತ್ತೆ ಪೆಟ್ರೋಲ್ ಎಂಜಿನ್ ಕೂರಿಸಿ ಮೊದಲಿನಂತೆ ಮಾಡಲೋ, ಈಗಿರುವ ಡೀಸೆಲ್ ಎಂಜಿನನ್ನೇ ಉಳಿಸಲೋ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಆ ಜೀಪಿನಲ್ಲಿ ಕುಳಿತವರು ನಮ್ಮ ಬಂಧುಗಳಲ್ಲಿ ಇನ್ನೂ ಅನೇಕರು ಇದ್ದೀರಿ. ಹೊಳೆನರಸೀಪುರದಲ್ಲಿ ನನ್ನ ಬಳಿ ಓದಿದವರಲ್ಲಿ ಕೆಲವರು ಅದನ್ನು ನೂಕಿಯೂ ಇದ್ದೀರಿ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುವುದು ಉಚಿತವೆಂದು ತೋರಿತು.

ಜೀಪು ಯುದ್ಧದ ಕೂಸು. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಹಗುರವಾದ ವಾಹನವೊಂದು ಬೇಕಾಯಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನಗಳಲ್ಲಿ ಮೊದಲ ಮಾದರಿಯನ್ನು ಮಾಡಿ ಒಪ್ಪಿಸಿತು. ಆದರೆ ದೊಡ್ಡ ಪ್ರಮಾಣದ ತಯಾರಿಕೆಯ ಗುತ್ತಿಗೆ ಹೋದದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು.

ನಮ್ಮಲ್ಲಿ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಸ್ಥಾಪನೆಯಾದ 'ಮಹೀಂದ್ರಾ ಅಂಡ್ ಮೊಹಮ್ಮದ್' ಕಂಪನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸಲಾರಂಭಿಸಿತು. ಪಾಲುದಾರರಾಗಿದ್ದ ಗುಲಾಂ ಮೊಹಮ್ಮದರು ದೇಶವಿಭಜನೆಯ ನಂತರ ಪಾಕಿಸ್ತಾನದ ಮೊದಲ ಅರ್ಥಮಂತ್ರಿಯಾದರು, 1951ರಲ್ಲಿ ಅಲ್ಲಿನ ಗವರ್ನರ್ ಜನರಲ್ಲೂ ಆದರು. ಇಲ್ಲಿ 1948ರಲ್ಲಿ ಕಂಪನಿಯ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಎಂದಾಯಿತು. ತರಗತಿಯಲ್ಲಿ ವಿಭಜನೆಯ ಪಾಠ ಮಾಡುವಾಗ ಈ ಸಂಗತಿಯನ್ನು ಹೇಳಿದರೆ ಹಿಂದಿನ ಬೆಂಚಿನ ಹುಡುಗರೂ ತಲೆಯೆತ್ತುತ್ತಿದ್ದರು.

ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಜೀಪು ಬಂದದ್ದು ಸರ್ಕಾರದ ವಾಹನವಾಗಿ. ರೆವಿನ್ಯೂ ಇಲಾಖೆ, ಬ್ಲಾಕ್ ಅಭಿವೃದ್ಧಿ ಕಚೇರಿ, ಮಲೇರಿಯಾ ನಿರ್ಮೂಲನೆಯವರು, ಆಮೇಲೆ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ ಕಟ್ಟಿದ ಎಂಜಿನಿಯರುಗಳು, ಎಲ್ಲರೂ ಜೀಪಿನವರೇ. ಅರಕಲಗೂಡು ತಾಲ್ಲೂಕಿನ ನಮ್ಮೂರಿನಲ್ಲಿ ಜೀಪಿನ ಸದ್ದು ಕೇಳಿತೆಂದರೆ ಯಾರೋ ಸಾಹೇಬರು ಬಂದರೆಂದೇ ಅರ್ಥ. ಹೀಗಿರುವಾಗ 1972ರಲ್ಲಿ ನಮ್ಮ ದೊಡ್ಡಪ್ಪನವರು ಹರಾಜಿನಲ್ಲಿ 1966ರ ಮಾದರಿಯ ಜೀಪೊಂದನ್ನು ಹಿಡಿದು ಊರಿಗೆ ತಂದರು. ನನಗಾಗ ಹದಿಮೂರು ವರ್ಷ. ಮನೆಯ ಹೆಂಗಸರು ಆರತಿ ಎತ್ತಿದರು. ಅಜ್ಜಿ ಮಾತ್ರ, "ಎತ್ತಾದರೆ ಮೇವು ಹಾಕಬಹುದು, ಇದಕ್ಕೆ ಏನು ಹಾಕುತ್ತೀಯೋ?" ಎಂದು ಕೇಳಿದರು.

ಅಜ್ಜಿಯ ಮಾತು ಬಹಳ ಬೇಗ ನಿಜವಾಯಿತು. 1973ರ ಅಕ್ಟೋಬರಿನಲ್ಲಿ ಅರಬ್–ಇಸ್ರೇಲ್ ಯುದ್ಧ ಹತ್ತಿಕೊಂಡು ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಹೊಗೆಸೊಪ್ಪು, ರಾಗಿ, ಆಲೂಗಡ್ಡೆ ಬೆಳೆಯುವ ರೈತನಿಗೆ ಪೆಟ್ರೋಲ್ ಜೀಪು ದುಬಾರಿ ಅತಿಥಿಯಾಯಿತು. ದೊಡ್ಡಪ್ಪನವರು ವಾರಕ್ಕೊಮ್ಮೆ ರಾಮನಾಥಪುರಕ್ಕೋ ಅರಕಲಗೂಡಿಗೋ ಹೋಗುವುದನ್ನು ಬಿಟ್ಟರೆ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ಪೆಟ್ರೋಲ್ ಎಂಜಿನಿಗೆ ಇನ್ನೊಂದು ರೋಗವೂ ಇತ್ತು. ಮಳೆಗಾಲದಲ್ಲಿ ಹಳ್ಳ ದಾಟುವಾಗ ನೀರು ಎರಚಿ ಡಿಸ್ಟ್ರಿಬ್ಯೂಟರ್ ಒದ್ದೆಯಾದರೆ ಕಿಡಿ ಹಾರದೆ ಎಂಜಿನ್ ನಿಂತುಬಿಡುತ್ತಿತ್ತು. ಮೊಣಕಾಲುದ್ದದ ನೀರಿನಲ್ಲಿ ನಿಂತು, ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಪಂಚೆಯ ತುದಿಯಿಂದ ಒರೆಸುತ್ತಿದ್ದ ದೊಡ್ಡಪ್ಪನವರ ಚಿತ್ರ ಇಂದಿಗೂ ನನ್ನ ಕಣ್ಣಮುಂದಿದೆ. ಒಮ್ಮೆ ಜ್ವರದಿಂದ ಮೈಮೇಲೆ ಪ್ರಜ್ಞೆಯಿಲ್ಲದ ನನ್ನ ತಂಗಿಯನ್ನು ಆಸ್ಪತ್ರೆಗೆ ಒಯ್ಯುವಾಗಲೂ ಹೀಗೆಯೇ ಆಗಿ, ಕೊನೆಗೆ ಅವಳನ್ನು ಹೆಗಲ ಮೇಲೆ ಹೊತ್ತು ನಡೆದೆವು. ತಂಗಿ ಬದುಕಿದಳು. ದೊಡ್ಡಪ್ಪನವರು ಆ ರಾತ್ರಿಯನ್ನು ಮರೆಯಲಿಲ್ಲ.

1984ರಲ್ಲಿ ನಾನು ಬಿ.ಎಡ್. ಮುಗಿಸಿ ಹೊಳೆನರಸೀಪುರದಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿದೆ. ಅದೇ ವರ್ಷ ದೊಡ್ಡಪ್ಪನವರು ಜೀಪನ್ನು ಅಲ್ಲಿನ ಒಬ್ಬ ಮೇಸ್ತ್ರಿಯ ಗ್ಯಾರೇಜಿಗೆ ತಂದು ಬಿಟ್ಟರು. ಆ ಹೊತ್ತಿಗೆ ಕಂಪನಿಯೇ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ವಂಶದ ಡೀಸೆಲ್ ಎಂಜಿನನ್ನು ಜೀಪುಗಳಿಗೆ ಹಾಕುತ್ತಿತ್ತು. ಅಂಥದೊಂದು ಹಳೆಯ ಎಂಜಿನನ್ನು ತಂದು ನಮ್ಮ ಜೀಪಿಗೆ ಕೂರಿಸುವುದು ಮೇಸ್ತ್ರಿಯ ಯೋಜನೆ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ಒಂದು ಖಾಲಿ ಡಬ್ಬದ ಮೇಲೆ ಕುಳಿತು ನೋಡುತ್ತಿದ್ದೆ. ನಾನು ಕಂಡ ಅತ್ಯುತ್ತಮ ಪಾಠಗಳಲ್ಲಿ ಅದೂ ಒಂದು.

ಇದು ಒಂದನ್ನು ತೆಗೆದು ಇನ್ನೊಂದನ್ನು ಇಡುವಷ್ಟು ಸುಲಭದ ಕೆಲಸವಲ್ಲ. ಪೆಟ್ರೋಲ್ ಎಂಜಿನ್ ತನ್ನೊಳಗಿನ ಗಾಳಿಯನ್ನು ಸುಮಾರು ಏಳರಲ್ಲಿ ಒಂದು ಪಾಲಿಗೆ ಒತ್ತಿದರೆ, ಡೀಸೆಲ್ ಎಂಜಿನ್ ಹದಿನಾರರಿಂದ ಇಪ್ಪತ್ತೆರಡರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಆ ಒತ್ತಡದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳಬೇಕು, ಕಿಡಿಯ ಮಾತೇ ಇಲ್ಲ. ಒತ್ತಡ ಹೆಚ್ಚಾದ್ದರಿಂದ ಎಂಜಿನ್ನಿನ ಗೋಡೆ ದಪ್ಪ, ತೂಕ ಹೆಚ್ಚು, ನಡುಕವೂ ಹೆಚ್ಚು. ಹಳೆಯ ಎಂಜಿನ್ ಕುಳಿತಿದ್ದ ಆಧಾರಗಳನ್ನು ಮೇಸ್ತ್ರಿ ಕತ್ತರಿಸಿ, ಚಾಸಿಗೆ ದಪ್ಪ ತಗಡಿನ ಹೊಸ ಆಧಾರಗಳನ್ನು ವೆಲ್ಡ್ ಮಾಡಿ, ನಡುವೆ ಲಾರಿಯ ರಬ್ಬರುಗಳನ್ನು ಇಟ್ಟ. ಮುಂಭಾಗ ತಗ್ಗಿತೆಂದು ಎರಡೂ ಕಡೆ ಒಂದೊಂದು ಸ್ಪ್ರಿಂಗ್ ಪ್ಲೇಟು ಸೇರಿಸಿದ. ನಿಜವಾದ ಕಷ್ಟವಿದ್ದದ್ದು ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ. ಎರಡರ ಬೋಲ್ಟಿನ ತೂತುಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಒಂದು ಕಬ್ಬಿಣದ ಬಿಲ್ಲೆ ಬೇಕು. ಅದರ ಕೇಂದ್ರ ಕೂದಲೆಳೆಯಷ್ಟು ಆಚೀಚೆಯಾದರೂ ಗೇರ್ ಬಾಕ್ಸಿನ ಬೇರಿಂಗು ಸವೆದುಹೋಗುತ್ತದೆ, ಕ್ಲಚ್ಚು ನಡುಗುತ್ತದೆ. ಮೇಸ್ತ್ರಿ ಹಳೆಯ ಕ್ಯಾಲೆಂಡರಿನ ರಟ್ಟನ್ನು ಗೇರ್ ಬಾಕ್ಸಿನ ಮುಖಕ್ಕೆ ಒತ್ತಿ, ಗ್ರೀಸಿನ ಅಚ್ಚು ತೆಗೆದು, ಅದನ್ನು ಲೇತ್ ಅಂಗಡಿಗೆ ಕಳುಹಿಸಿದ. ಎರಡು ಸಲ ತಪ್ಪಾಯಿತು. ಮೂರನೆಯ ಬಿಲ್ಲೆ ಕೂತಿತು. ನಲವತ್ತು ವರ್ಷ ಕಳೆದ ಮೇಲೂ ಅದು ಅಲ್ಲಿಯೇ ಇದೆ.

ಆ ಗ್ಯಾರೇಜಿನಲ್ಲಿ ಸಂಜೆ ಹೊತ್ತು ಸ್ಪ್ಯಾನರ್ ಎತ್ತಿಕೊಡುತ್ತಿದ್ದ ಹುಡುಗನೊಬ್ಬ ನನ್ನ ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಹೊಸ ಮೇಷ್ಟ್ರ ಹುಮ್ಮಸ್ಸಿನಲ್ಲಿ ಒಂದು ದಿನ ತರಗತಿಯಲ್ಲಿ, "ಓದದಿದ್ದರೆ ಗ್ಯಾರೇಜೇ ಗತಿ" ಎಂದುಬಿಟ್ಟೆ. ಹೇಳಿದ ಮರುಕ್ಷಣವೇ ಮೂರನೆಯ ಬೆಂಚಿನಲ್ಲಿ ಉಗುರಿನ ಸಂದಿಯ ಕಪ್ಪನ್ನು ಇನ್ನೊಂದು ಕೈಯಿಂದ ಮುಚ್ಚಿಕೊಳ್ಳುತ್ತಿದ್ದ ಅವನು ಕಣ್ಣಿಗೆ ಬಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ನಪಾಸಾದ. ಈಗ ಚನ್ನರಾಯಪಟ್ಟಣದಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿಯ ಪಕ್ಕದಲ್ಲಿ ಅವನದೇ ವರ್ಕ್‌ಶಾಪ್ ಇದೆ. ದೊಡ್ಡಪ್ಪನವರ ಮೊಮ್ಮಗನಿಗೂ ಅವನ ಗೆಳೆಯರಿಗೂ ಈಗ ಅವನೇ ಗುರು. ಹೋದ ವರ್ಷ ಸಿಕ್ಕಾಗ ಆ ಹಳೆಯ ಮಾತನ್ನು ನೆನಪಿಸಿ ಕ್ಷಮೆ ಕೇಳಿದೆ. "ಬಿಡಿ ಸಾರ್, ನೀವು ಹೇಳಿದ್ದು ಸರಿಯಾಗಿಯೇ ಆಯಿತಲ್ಲ, ಗ್ಯಾರೇಜಿಗೇ ಬಂದೆ" ಎಂದು ನಕ್ಕ. ಮರೆತಿರಲಿಲ್ಲ ಎಂಬುದು ಆ ನಗೆಯಲ್ಲಿತ್ತು.

ಡೀಸೆಲ್ ಹಾಕಿದ ಮೇಲೆ ಜೀಪು ನಿಧಾನವಾಯಿತು, ಸದ್ದು ಹೆಚ್ಚಾಯಿತು, ಆದರೆ ಹಳ್ಳದಲ್ಲಿ ನಿಲ್ಲುವುದನ್ನು ಬಿಟ್ಟಿತು. ಗಾಳಿ ಎಳೆಯುವ ಬಾಯಿ ನೀರಿಗಿಂತ ಮೇಲಿದ್ದರೆ ಸಾಕು. ಹೊಗೆಸೊಪ್ಪಿನ ಹೊರೆ, ಬಿತ್ತನೆ ಆಲೂಗಡ್ಡೆ, ಮದುವೆ ದಿಬ್ಬಣ, ಬಾಣಂತಿಯರು, ಎಲ್ಲವೂ ಅದರಲ್ಲಿ ಸಾಗಿದವು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನುಗಳಲ್ಲಿ ಮಾರ್ಪಾಡು ಆಗಿರಬಾರದು. ನೋಂದಣಿಗೆ 20,000 ರೂಪಾಯಿ. ಅಂಥ ವಾಹನವನ್ನು ಪ್ರದರ್ಶನಕ್ಕೋ ರ‍್ಯಾಲಿಗೋ ಒಯ್ಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ಇತ್ತ ಸಾಮಾನ್ಯ ವಾಹನವಾಗಿಯೇ ಉಳಿಸಿದರೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ. ಕಾರು ಜೀಪುಗಳಿಗೆ 600 ರೂಪಾಯಿಯಿದ್ದ ಆ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ವಾಹನಗಳಿಗೆ 10,000 ಆಯಿತು. ಹೊಸದಾಗಿ ಬದಲಾವಣೆ ಮಾಡಹೊರಟರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡ ನಿಲ್ಲುತ್ತದೆ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ನಮ್ಮ ಜೀಪಿನ ಡೀಸೆಲ್ ಎಂಜಿನ್ ಆ ಕಾಯಿದೆಗಿಂತ ಹಿಂದಿನದು; ನೋಂದಣಿ ಪುಸ್ತಕದಲ್ಲಿ ದಾಖಲಾಗಿದೆ.

ಈ ಕಟ್ಟುಪಾಡು ಅನ್ಯಾಯವೆಂದು ನಾನು ಹೇಳಲಾರೆ. ಹವ್ಯಾಸದ ಹೆಸರಿನಲ್ಲಿ ಮಡ್ಗಾರ್ಡು ಕತ್ತರಿಸಿ, ದೈತ್ಯ ಟೈರು ಹಾಕಿ, ಹಳೆಯ ಬ್ರೇಕನ್ನು ಹಾಗೆಯೇ ಬಿಟ್ಟವರನ್ನು ನಾನೇ ನೋಡಿದ್ದೇನೆ. ಕಾಡಿನೊಳಗೆ, ಹೊಳೆಯ ಪಾತ್ರದಲ್ಲಿ ಮೋಜಿಗಾಗಿ ನುಗ್ಗಿಸುವವರ ಬಗೆಗಂತೂ ನನಗೆ ಕಿಂಚಿತ್ತೂ ಸಹನೆಯಿಲ್ಲ. ನಮ್ಮ ಹುಡುಗನಿಗೂ ಇದನ್ನು ಹೇಳಿದ್ದೇನೆ. ಆದರೆ 'ಮೂಲ ರೂಪ' ಎಂಬ ಮಾತು ಇತಿಹಾಸ ಓದಿದವನನ್ನು ಸ್ವಲ್ಪ ಯೋಚನೆಗೆ ಹಚ್ಚುತ್ತದೆ.

ಅವನನ್ನು ಬೇಲೂರಿಗೆ ಕರೆದುಕೊಂಡು ಹೋದೆ. ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠೆಯಾದದ್ದು. ನಾವು ನಿಂತು ನೋಡುವ ಆ ಜಾಲಂಧ್ರದ ಗೋಡೆಗಳು ಅವನ ಮೊಮ್ಮಗ ಎರಡನೆಯ ವೀರಬಲ್ಲಾಳನ ಕಾಲದ ಸೇರ್ಪಡೆ. ಮೊದಲು ಆ ಮಂಟಪ ಬಯಲಾಗಿತ್ತು. ಮುಂದಿನ ಗೋಪುರ ವಿಜಯನಗರದವರು 1397ರಲ್ಲಿ ಮತ್ತೆ ಕಟ್ಟಿಸಿದ್ದು. ಗರ್ಭಗುಡಿಯ ಮೇಲಿದ್ದ ಶಿಖರ ಈಗಿಲ್ಲ. 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಇದೆಲ್ಲವನ್ನೂ ಒಳಗೊಂಡ ದೇವಾಲಯವನ್ನೇ. "ಇದರಲ್ಲಿ ಮೂಲ ಯಾವುದಪ್ಪ?" ಎಂದು ಕೇಳಿದೆ. "ಚಿಕ್ಕಪ್ಪ, ಜೀಪಿಗೂ ಬೇಲೂರಿಗೂ ಹೋಲಿಕೆಯೇ?" ಎಂದು ನಕ್ಕ. ಹೋಲಿಕೆ ಅತಿಯಾಯಿತೆಂದು ನನಗೂ ಗೊತ್ತು. ಆದರೂ ಪೆಟ್ರೋಲ್ ಎಂಜಿನಿಗೆ ಹಿಂದಿರುಗಿದರೆ 1984ರಿಂದೀಚಿನ ನಲವತ್ತು ವರ್ಷಗಳನ್ನು, ರಟ್ಟಿನ ಅಚ್ಚು ತೆಗೆದ ಆ ಮೇಸ್ತ್ರಿಯ ಕೈಯನ್ನು, ಒರೆಸಿ ಹಾಕಿದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಅವನಿಗೆ ಹೇಳಿದೆ. ತೀರ್ಮಾನ ಅವನದೇ.

ಚನ್ನರಾಯಪಟ್ಟಣದಿಂದ ನನ್ನ ಶಿಷ್ಯನೂ ಬಂದು ಚಾಸಿ ನೋಡಿದ. ಕತ್ತರಿಸಿ ವೆಲ್ಡ್ ಮಾಡಿದ ಮೇಲೆ ಅದು ಹೇಗೂ ಹಿಂದಿನಂತಾಗದು ಎಂದ. ಡೀಸೆಲ್ ಎಂಜಿನ್ನೇ ಉಳಿಯುವುದೆಂದಾಯಿತು. ಆದರೆ ಇದರ ನಡುವೆ ಊರಿನಲ್ಲಿ ಒಂದು ಪತ್ತೆಯಾಯಿತು. ದೊಡ್ಡಪ್ಪನವರು ತೆಗೆದ ಪೆಟ್ರೋಲ್ ಎಂಜಿನನ್ನು ಮಾರಿರಲೇ ಇಲ್ಲ. ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಸುತ್ತಿ ಇಟ್ಟಿದ್ದರು, ಮೇಲೆ ಕೋಳಿ ಕಾವಿಗೆ ಕೂರುತ್ತಿತ್ತಂತೆ. ತುಕ್ಕು ಹಿಡಿದು ಪಿಸ್ಟನ್ನುಗಳು ಕಚ್ಚಿಕೊಂಡಿದ್ದವು. ಹುಡುಗ ಅದನ್ನು ಹಾಸನದ ಶೆಡ್ಡಿಗೆ ತಂದು, ಸಿಲಿಂಡರುಗಳಿಗೆ ಸೀಮೆಎಣ್ಣೆ, ಎಂಜಿನ್ ಆಯಿಲ್ ಬೆರೆಸಿ ಸುರಿದು ಹನ್ನೊಂದು ದಿನ ಬಿಟ್ಟ. ಹನ್ನೆರಡನೆಯ ದಿನ ನನ್ನ ಶಿಷ್ಯ ಹ್ಯಾಂಡಲ್ ಹಾಕಿ ಒತ್ತಿದಾಗ ಕಾಲು ಸುತ್ತು ಅಲುಗಾಡಿತು. ಈಗ ಅದನ್ನು ಬೇರೆಯೇ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಜೀಪಿನ ಪಕ್ಕದಲ್ಲೇ ಓಡಿಸಿ ನೋಡುವ ಸಿದ್ಧತೆ ನಡೆದಿದೆ.

ಬಾನೆಟ್ಟಿನ ಒಳಬದಿಯನ್ನು ಕೆರೆದಾಗ ಹಸಿರಿನ ಕೆಳಗೆ ಬಿಳಿ, ಅದರ ಕೆಳಗೆ ಬೂದು ಬಣ್ಣ ಸಿಕ್ಕಿದೆ. ದೊಡ್ಡಪ್ಪನವರು ಹರಾಜಿನಿಂದ ತಂದಾಗ ಯಾವ ಬಣ್ಣವಿತ್ತೆಂದು ನಾನು ಬಿಳಿ ಎನ್ನುತ್ತೇನೆ, ತಂಗಿ ಬೂದು ಎನ್ನುತ್ತಾಳೆ. 1984ಕ್ಕಿಂತ ಹಿಂದಿನ ಮದುವೆ ಮುಂಜಿಯ ಫೋಟೋಗಳಲ್ಲಿ, ಎಷ್ಟೇ ಮಸುಕಾಗಿದ್ದರೂ, ಈ ಜೀಪು ಕಂಡವರು ದಯವಿಟ್ಟು ನನಗೊಂದು ಪ್ರತಿ ಕಳುಹಿಸಿರಿ.